ಮಾತ್ರೆ ಕೊಡದ ಅಣ್ಣ

ನನ್ನ ಎರಡನೆಯ ಮಗು ಇನ್ನೂ ನಡೆಯಲು ಕಲಿತಿರಲಿಲ್ಲ. ಮತ್ತೆ ಬಸುರಾದೇನೋ ಎಂಬ ಭಯದಿಂದ, ಗರ್ಭ ನಿಲ್ಲದಂತೆ ತಡೆಯುವ ತುರ್ತು ಮಾತ್ರೆ ಕೇಳಲು ಕೊಟ್ಟಾರದ ನಮ್ಮ ಮಾಮೂಲಿ ಮೆಡಿಕಲ್‌ಗೆ ಹೋದೆ. ಫಾರ್ಮಸಿಸ್ಟ್ ಕಪಾಟಿನತ್ತ ತಿರುಗದೆಯೇ "ಇಲ್ಲ" ಎಂದರು. ಡಬ್ಬಿ ಅವರ ಬೆನ್ನ ಹಿಂದೆಯೇ ಕಾಣುತ್ತಿತ್ತು.

"ಅಲ್ಲಿ ಉಂಟಲ್ಲ ಅಣ್ಣ?"

ಅವರು ತಲೆ ತಗ್ಗಿಸಿದರು. "ಉಂಟು ಅಕ್ಕ. ಓನರ್ ಇದ್ರೆ ಕೊಡ್ತಾರೆ, ನಾನು ಕೊಡುವುದಿಲ್ಲ. ಮನಸ್ಸು ಒಪ್ಪುವುದಿಲ್ಲ. ಕೂಳೂರಿನ ಅಂಗಡಿಗೆ ಹೋಗಿ, ನಾನು ಫೋನ್ ಮಾಡಿ ಹೇಳ್ತೇನೆ."

ಬಸ್ಸಿನಲ್ಲಿ ಕೂತವಳಿಗೆ ಒಂದೇ ಯೋಚನೆ. ಮೊದಲು ಸುಳ್ಳು ಹೇಳಿದವರು ಈಗ ಯಾರಿಗೆ ಫೋನ್ ಮಾಡುತ್ತಿರಬಹುದು? ಅವರ ಅಂಗಡಿಯಿಂದಲೇ ಬಿಪಿ ಮಾತ್ರೆ ಒಯ್ಯುವ ನನ್ನ ಅತ್ತೆಯ ನಂಬರ್ ಅವರಲ್ಲಿತ್ತು.

ಕೂಳೂರಿನ ಅಂಗಡಿಯ ಹೆಂಗಸು ನನ್ನನ್ನು ನೋಡಿದ್ದೇ ಪೊಟ್ಟಣ ಮುಂದಿಟ್ಟರು.

"ನಾನೇ ಅಂತ ಹೇಗೆ ಗೊತ್ತಾಯ್ತು?"

"ಹಸಿರು ಚೂಡಿದಾರ ಅಂದ್ರು. ಹೆಸರೆಲ್ಲ ಹೇಳ್ಲಿಲ್ಲ. ತಡ ಮಾಡ್ಬೇಡಿ, ಇಲ್ಲೇ ತಗೊಳ್ಳಿ" ಎಂದು ನೀರಿನ ಬಾಟಲಿಯನ್ನೂ ಕೊಟ್ಟರು.

ಅಲ್ಲೇ ನುಂಗಿದೆ. ಆ ತಿಂಗಳು ಮುಟ್ಟು ಸರಿಯಾಗಿಯೇ ಆಯಿತು. ಆದರೆ ಅತ್ತೆ ಮೆಡಿಕಲ್‌ನಿಂದ ಬಂದಾಗಲೆಲ್ಲ ಅವರ ಮುಖವನ್ನೇ ನೋಡುತ್ತಿದ್ದೆ.

"ಎಂತ ಹಾಗೆ ನೋಡುವುದು ಮಾರಾಯ್ತಿ?" ಎಂದು ಒಮ್ಮೆ ಕೇಳಿಯೇಬಿಟ್ಟರು.

ಆ ಅಣ್ಣ ಏನೂ ಹೇಳಿರಲಿಲ್ಲ ಎಂದೇ ಕಾಣುತ್ತದೆ. ಆದರೂ ಈಗ ಆ ಅಂಗಡಿಗೆ ಅತ್ತೆಯನ್ನು ಒಬ್ಬರನ್ನೇ ಕಳುಹಿಸುವುದಿಲ್ಲ, ನಾನೂ ಜೊತೆಗೆ ಹೋಗುತ್ತೇನೆ.