ಅರ್ಥವಿಲ್ಲದ ಒಂದು ಕೂಗು

ಮೊನ್ನೆ ಎಳ್ಳ ಅಮಾವಾಸ್ಯೆಯ ದಿನ ನನ್ನ ಗಂಡ ಹೊಲದ ಬದುವಿನ ಮೇಲೆ ನಿಂತು, ತಾವು ಕೂಗಬೇಕಾದ ಕೂಗನ್ನು ಮೊಬೈಲ್ ಫೋನಿನಿಂದ ಕೂಗಿಸಿದರು.

ನೀವು ನಗಬಹುದು. ನಾನು ನಗಲಿಲ್ಲ. (ಅತ್ತೆ ಪಕ್ಕದಲ್ಲೇ ಕೂತಿದ್ದರು.)

ದೂರದ ಓದುಗರಿಗಾಗಿ ಎರಡು ಮಾತು. ನಮ್ಮ ಕಡೆ ಎಳ್ಳ ಅಮಾವಾಸ್ಯೆಯ ಊಟ ಹೊಲದಲ್ಲೇ. ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಭಜ್ಜಿ, ಎಳ್ಳು ಹೋಳಿಗೆ, ಗಡಿಗೆಯಲ್ಲಿ ಅಂಬಲಿ. (ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಸಂತೆಯಲ್ಲಿ ಸಿಕ್ಕ ಕಾಯಿಪಲ್ಲೆ, ಹಸಿ ಕಾಳು ಎಲ್ಲವನ್ನೂ ಸೇರಿಸಿ ಕುದಿಸಿದ್ದು.) ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡುತ್ತೇವೆ. ಆಮೇಲೆ ಅಡುಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿಕೊಂಡು, ಬೆಳೆಗೆ ಎರಚುತ್ತಾ ಹೊಲ ಸುತ್ತಬೇಕು. ಅದೇ ಚರಗ. ಸುತ್ತುವಾಗ ಮನೆಯ ಗಂಡಸು ಗಂಟಲು ಬಿಟ್ಟು ಕೂಗಬೇಕು: "ಓಲಗ್ಯಾ ಓಲಗ್ಯಾ, ಸಲಾಂ ಪಲಗ್ಯಾ!"

ಹಾಗೆಂದರೇನು? ನನಗೆ ಗೊತ್ತಿಲ್ಲ. ಊರಿಗೊಂದು ಥರ ಕೂಗುತ್ತಾರೆ. ನಮ್ಮ ಮಾವನವರ ಹೊಲದಲ್ಲಿ ಹೀಗೆ.

ಇನ್ನು ನಮ್ಮ ಮನೆಯವರ ವಿಷಯ. ಹುಮನಾಬಾದಿನ ಕಾಲೇಜೊಂದರಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಮನೆಯಲ್ಲಿ ಉಪ್ಪಿಟ್ಟು ತಳ ಹಿಡಿದರೂ ಕಾರಣ, ಕಾರ್ಯ ಎಂದು ವಿಂಗಡಿಸುತ್ತಾರೆ. ಅದರ ಮೇಲೆ ಈಗ ಕೆಲವು ವರ್ಷಗಳಿಂದ ಝೆನ್ ಹಿಡಿದಿದೆ. ಬಸವಕಲ್ಯಾಣದಿಂದ ಚಿಟಗುಪ್ಪದವರೆಗೆ ಎಲ್ಲಿ ಕರೆದರೂ ಹೋಗಿ ಝೆನ್ ಬಗ್ಗೆ ಮಾತಾಡುತ್ತಾರೆ. ಚೆನ್ನಾಗಿಯೇ ಮಾತಾಡುತ್ತಾರೆ, ಸುಳ್ಳೇಕೆ ಹೇಳಲಿ?

"ಬುದ್ಧಿ ಉಷ್ಣಾಂಶ ಓದುತ್ತದೆ, ಅದಕ್ಕೆ ಬಿಸಿಲು ಗೊತ್ತಾಗುವುದಿಲ್ಲ" ಎನ್ನುತ್ತಾರೆ. ಜನ ತಲೆದೂಗುತ್ತಾರೆ. ಸತ್ಯ ಯಾವುದು ಎಂದು ಶಿಷ್ಯ ಕೇಳಿದಾಗ ಝೆನ್ ಗುರುಗಳು ಉತ್ತರ ಕೊಡದೆ ಸುಮ್ಮನೆ ಒಮ್ಮೆ ಅಬ್ಬರಿಸಿಬಿಡುತ್ತಿದ್ದರಂತೆ. ಅರ್ಥವಿಲ್ಲದ ಬರೀ ಕೂಗು. ಅದನ್ನು ಕೇಳಿ ಶಿಷ್ಯನ ತರ್ಕವೆಲ್ಲ ಕಳಚಿ ಬೀಳುತ್ತಿತ್ತಂತೆ. ಇದನ್ನು ಹೇಳುವಾಗ ನಮ್ಮವರ ಕಣ್ಣುಗಳು ಹೊಳೆಯುತ್ತವೆ.

ಮಾವ ಹೋಗಿ ವರ್ಷದ ಮೇಲಾಯಿತು. ಹೋದ ಸಲ ಹಬ್ಬ ಮಾಡಲಿಲ್ಲ. ಹಾಗಾಗಿ ಇದು ಅವರಿಲ್ಲದ ಮೊದಲ ಚರಗ.

ಮಾವ ಹೋದ ದಿನ ತಗ್ಗಿಸಿದ ತಲೆಯನ್ನು ಅತ್ತೆ ಎತ್ತಿರಲಿಲ್ಲ. ಅಳುವುದಿಲ್ಲ, ಜಗಳವಿಲ್ಲ, ಟೀವಿ ಬೇಡ. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾ ಕೂರುವುದು. (ಈಗಿನ ಪ್ಯಾಕೆಟ್ ಅಕ್ಕಿಯಲ್ಲಿ ಕಲ್ಲೆಲ್ಲಿ?) ಬಂದವರೆಲ್ಲ ಒಳ್ಳೆಯ ಮಾತೇ ಆಡಿದರು. ಪುಣ್ಯವಂತರು, ನರಳಲಿಲ್ಲ, ದೇವರ ಇಚ್ಛೆ. ನಮ್ಮವರು ಎದುರು ಕೂತು, ಎಲ್ಲವೂ ಕ್ಷಣಿಕ, ನದಿಯ ನೀರು ನಿಲ್ಲುವುದಿಲ್ಲ ಎಂದು ವಿವರಿಸಿದರು. ಒಂದು ಪದವೂ ತಪ್ಪಿರಲಿಲ್ಲ. "ಹೂಂ ಯಪ್ಪಾ" ಎಂದರು ಅತ್ತೆ, ಮೊರ ನೋಡುತ್ತಲೇ. ನನಗೆ ನಿಜವಾಗಿ ಭಯವಾಗಿತ್ತು. ಇವರು ನಮ್ಮ ಕೈಬಿಟ್ಟು ಹೋಗುತ್ತಿದ್ದಾರೆ ಅನ್ನಿಸುತ್ತಿತ್ತು.

ಇಂಥವರು ಹಬ್ಬಕ್ಕೆ ಮೊದಲು ಬಾಯಿಬಿಟ್ಟು ಒಂದನ್ನು ಕೇಳಿದರು. ಅಷ್ಟು ದಿನದಲ್ಲಿ ಕೇಳಿದ್ದು ಅದೊಂದೇ.

"ಚನ್ನೂ, ಈ ಸಲ ಹೊಲದಾಗ ನೀ ಕೂಗಬೇಕಪಾ."

"ಅರ್ಥ ಗೊತ್ತಿಲ್ಲದ ಮಾತು ಹ್ಯಾಂಗ ಒದರಲಿ ಅವ್ವ?" ಎಂದರು ಮಗ. "ನಾಕ್ ಮಂದಿ ಕೇಳಿದ್ರ ಏನ್ ಹೇಳ್ಲಿ?"

ಅತ್ತೆ ಮತ್ತೆ ಮೊರಕ್ಕೆ ಕೈ ಹಾಕಿದರು.

ನಮ್ಮವರಿಗೂ ಚುರುಕ್ ಎಂದಿರಬೇಕು. ಅರ್ಥ ಹುಡುಕಲು ಶುರು ಮಾಡಿದರು. ಕನ್ನಡದ ಮೇಷ್ಟ್ರಿಗೆ ಫೋನ್ ಮಾಡಿದರೆ, ಹುಲುಸಾಗಲಿ ಎಂಬುದರ ಸವಕಲು ರೂಪ ಎಂದರು. ಮರಾಠಿ ಬಲ್ಲ ಗೆಳೆಯರು, ಅದು ಖಂಡಿತ ಮರಾಠಿ ಎಂದರು. ನಮ್ಮ ಹೊಲಕ್ಕೆ ಹೊಂದಿಕೊಂಡ ಹೊಲದವರು ಮೆಹಬೂಬ್ ಸಾಬರು. ಮಾವನವರ ಜೊತೆ ನೀರಿನ ತಂಬಿಗೆ ಹಿಡಿದು ಹೊಲ ಸುತ್ತುತ್ತಿದ್ದವರು. ಅವರು, "ಸಲಾಂ ಅಂದ್ರ ಸಲಾಮೇ ಅದರೀ ಸರ, ಬಾಕಿದ್ದು ನನಗೂ ಮಾಲೂಮ್ ಇಲ್ರಿ" ಎಂದರು. ಎಲ್ಲರ ಮಾತನ್ನೂ ತೂಗಿ ನೋಡಿ ನಮ್ಮವರು ತೀರ್ಪು ಕೊಟ್ಟರು: ಆಧಾರ ಸಾಲದು.

ನಾನು ಕೇಳಿಯೇಬಿಟ್ಟೆ. "ಅಲ್ರೀ, ಜಪಾನಿನ ಗುರು ಕೂಗಿದ್ರ ಝೆನ್ನು, ನಮ್ಮ ಮಾವ ಕೂಗಿದ್ರ ಆಧಾರ ಬೇಕೇನ್ರಿ?"

"ಅದು ಬ್ಯಾರೆ, ಇದು ಬ್ಯಾರೆ" ಎಂದರು. ಹೇಗೆ ಬೇರೆ ಎಂದು ಮಾತ್ರ ಹೇಳಲಿಲ್ಲ. ತರ್ಕದ ಮೇಷ್ಟ್ರು ಹೀಗೆ ಹೇಳಿದರೆ ಉಳಿದವರು ಏನು ಮಾಡಬೇಕು?

(ನಾನೇ ಕೂಗಬಹುದಿತ್ತಲ್ಲ ಎನ್ನುತ್ತೀರಾ? ಕೂಗಬಹುದಿತ್ತು. ಪತ್ರಿಕೆಯ ಈ ಕಾಲಂನಲ್ಲಿ ಎಷ್ಟು ಬೇಕಾದರೂ ಕೂಗುತ್ತೇನೆ. ಹೊಲದಲ್ಲಿ ನನಗೂ ನಾಚಿಕೆ.)

ಅಮಾವಾಸ್ಯೆ ಬಂತು. ಹುಮನಾಬಾದಿನಿಂದ ಕಾರಿನಲ್ಲಿ ರಾಜೇಶ್ವರದ ಹೊಲಕ್ಕೆ ಹೋದೆವು. ಜೋಳ ಆಳೆತ್ತರ ನಿಂತಿತ್ತು. ಪೂಜೆಯಾಯಿತು. ಅತ್ತೆ ಕಲ್ಲುಗಳ ಮುಂದೆ ಕೂತರು. ಚರಗ ಆಗುವವರೆಗೆ ಅವರು ಉಣ್ಣುವುದಿಲ್ಲ. ಶುಗರ್ ಇದೆ, ಹೊತ್ತು ಮೀರುತ್ತಿತ್ತು.

ಆಗ ನಮ್ಮವರು ಫೋನು ತೆಗೆದರು. ಪಕ್ಕದ ತಾಲೂಕಿನಲ್ಲಿ ಯಾರೋ ಚರಗ ಚೆಲ್ಲುತ್ತಾ ಕೂಗಿದ ವಿಡಿಯೋ. ಅದರ ಧ್ವನಿ ಪೂರ್ತಿ ಏರಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಅವರ ವಾದ ಸರಳ. ಹೊಲಕ್ಕೆ ಬೇಕಾದದ್ದು ಶಬ್ದ. ಇದೂ ಶಬ್ದವೇ. ಆದ್ದರಿಂದ ಇದು ಸಾಕು. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಮಾರ್ಕ್ಸ್ ಸಿಗುತ್ತಿತ್ತು.

ಇವರು ಎರಚುತ್ತಾ ಹೊರಟರು. ಹಿಂದೆ ಸಾಬರು ನೀರು ಚಿಮುಕಿಸುತ್ತಾ. ಜೇಬು "ಓಲಗ್ಯಾ ಓಲಗ್ಯಾ" ಎನ್ನುತ್ತಿತ್ತು. ಬದುವಿನ ತಿರುವಿಗೆ ಬರುವಷ್ಟರಲ್ಲಿ ಜೇಬಿನೊಳಗಿನ ಹೆಂಗಸೊಬ್ಬಳು, ನಿಮ್ಮ ಬಾತ್‌ರೂಮಿನ ಟೈಲ್ಸ್ ಜಾರುತ್ತಿವೆಯೇ ಎಂದು ಕೇಳಿದಳು. ಜಾಹೀರಾತು! ಸಾಬರು ತಂಬಿಗೆ ಹಿಡಿದು ನಿಂತಲ್ಲೇ ನಿಂತರು. ಇವರು ಫೋನು ತೆಗೆದು ಕುಟ್ಟತೊಡಗಿದರು.

ಅತ್ತೆ ತಲೆ ಎತ್ತಲಿಲ್ಲ. ಕೂತಲ್ಲಿಂದಲೇ, ನೆಲಕ್ಕೆ ಹೇಳುವಂತೆ ಹೇಳಿದರು.

"ಬಂದ್ ಮಾಡು ಯಪ್ಪಾ. ಅದ್ಯಾರ್ದೋ ದನಿ ಅದ. ಹೊಲಕ್ಕ ಯಾರ್ ಬಂದಾರಂತ ಗೊತ್ತಾಗಬ್ಯಾಡೇನು?"

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಇವರು ವಾದಕ್ಕೆ ನಿಲ್ಲುತ್ತಿದ್ದರೋ ಏನೋ. ಫೋನು ಆಫ್ ಮಾಡಿ ನನ್ನ ಕೈಗೆ ಕೊಟ್ಟರು. ಜೋಳದ ಕಡೆ ತಿರುಗಿದರು. ಗಂಟಲು ಸರಿ ಮಾಡಿಕೊಂಡರು. ಮೊದಲ ಕೂಗು ಹಾಜರಿ ಕರೆದಂತೆ ಬಂತು. ಎರಡನೆಯದು ಒಡೆದುಹೋಯಿತು. ಆಮೇಲೆ ಏನಾಯಿತೋ, ಜೋಳದ ಸಾಲು ದಾಟಿ ಕಾಣದಾದ ಮೇಲೆ, ಒಳಗಿನಿಂದ ಒಂದು ಕೂಗು ಬಂತು ನೋಡಿ.

"ಓಲಗ್ಯಾ ಓಲಗ್ಯಾ, ಸಲಾಂ ಪಲಗ್ಯಾ!"

ಅದು ಮಾವನವರ ದನಿ. ಅದೇ ಒರಟು, ಕೊನೆಯಲ್ಲಿ ಅದೇ ಎಳೆತ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಇವರೊಳಗೆ ಈ ದನಿ ಇದೆಯೆಂದು ನನಗೇ ಗೊತ್ತಿರಲಿಲ್ಲ. ಆಚೆಯಿಂದ ಸಾಬರೂ ದನಿಗೂಡಿಸಿದರು.

ಅತ್ತೆ ತಲೆ ಎತ್ತಿದರು.

ದನಿ ಹೋದ ಕಡೆಯೆಲ್ಲ ಅವರ ಮುಖ ಹೊಲದ ಸುತ್ತ ತಿರುಗಿತು. ಇವರು ಸುತ್ತು ಮುಗಿಸಿ ಬರುವವರೆಗೂ ನೋಡಿದರು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು.

"ಥೇಟ್ ಅವರಪ್ಪನಂಗ ಬೇಸೂರ ನೋಡ ಸುಮಾ" ಎಂದು ನನಗೆ ಹೇಳಿ, ರೊಟ್ಟಿ ಬುಟ್ಟಿ ತಮ್ಮ ಕಡೆ ಎಳೆದುಕೊಂಡರು. ಎಲ್ಲರಿಗೂ ತಾವೇ ಬಡಿಸಿದರು. ಸಾಬರಿಗೆ ಹೋಳಿಗೆ ಎರಡು ಸಲ.

ಸಂಜೆ ವಾಪಸು ಬರುವಾಗ ಅತ್ತೆ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಹೆದ್ದಾರಿಗೆ ಬಂದ ಮೇಲೆ ನಮ್ಮವರು, ಬಿದ್ದುಹೋದ ಗಂಟಲಿನಲ್ಲಿ, "ಆದ್ರೂ ಅದರ ಅರ್ಥ ಏನಿರಬಹುದು?" ಎಂದರು. ಬುದ್ಧಿ ಅಷ್ಟು ಬೇಗ ಮನೆ ಬಿಟ್ಟು ಹೋಗುತ್ತದೆಯೇ?

ನನಗೆ ಒಂದನ್ನು ಮಾತ್ರ ಕೇಳಬೇಕೆನ್ನಿಸಿತು: ನಾವೆಲ್ಲ ಒಂದು ವರ್ಷ ಆಡಿದ ಅರ್ಥವಿದ್ದ ಮಾತುಗಳಲ್ಲಿ ಯಾವುದಕ್ಕೆ ಅವ್ವ ತಲೆ ಎತ್ತಿದ್ದರು?