ಬಾಗಿಲಲ್ಲಿ ಉಳಿದ ಬೇವಿನ ಸೊಪ್ಪು

ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಹನ್ನೊಂದು ಗಂಟೆಯ ಹೊತ್ತಿಗೆ ಗಂಡಸರ ಸದ್ದೇ ಇರುವುದಿಲ್ಲ. ನಮ್ಮ ಮನೆಯವರು ಬಸ್ ಓಡಿಸುವವರು. ಬೆಳಗಿನ ಜಾವ ಡಿಪೋಗೆ ಹೋದರೆ ಚನ್ನರಾಯಪಟ್ಟಣ, ಅರಕಲಗೂಡು ಸುತ್ತಿ ಬರುವಷ್ಟರಲ್ಲಿ ಸಂಜೆ ದೇವರಿಗೆ ಹಚ್ಚಿದ ದೀಪ ಶಾಂತವಾಗಿರುತ್ತದೆ. ಬಂದವರಿಗೆ ಊಟ ಬೇಕು, ನಿದ್ದೆ ಬೇಕು, ಮಾತು ಬೇಡ. ಅದು ತಪ್ಪೆಂದು ಹೇಳಲಾರೆ. ದಿನವಿಡೀ ಜನರ ಗಲಾಟೆ ಕೇಳಿದ ಕಿವಿ ಅದು. ಮಗಳು ಹಾಸನದ ಹಾಸ್ಟೆಲಿನಲ್ಲಿ. ಹಾಗಾಗಿ ನನ್ನ ಪಾಲಿಗೆ ಮಾತು ಎಂದರೆ ಪಕ್ಕದ ಮನೆಯ ಅಕ್ಕ ಒಬ್ಬರೇ. ಅಡುಗೆ ಮುಗಿಸಿ, ಮೊರದಲ್ಲಿ ಏನಾದರೂ ಹಿಡಿದು ನಮ್ಮ ಜಗುಲಿಗೆ ಬರುತ್ತಿದ್ದರು. ಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಕಾಲ ಬಂದರೆ ನೆನೆಸಿದ ಅವರೆಕಾಳು ಹಿಚುಕುವುದು. ಕೈ ಕೆಲಸ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ.

ಹಾಗಿರುವಾಗ ಮಗಳು ರಜೆಗೆ ಬಂದವಳು ಫೋನಿನಲ್ಲಿ ಒಂದು ಕೆಲಸ ತೋರಿಸಿದಳು. ಯಂತ್ರಕ್ಕೆ ಕನ್ನಡ ಕಲಿಸುವ ಕೆಲಸವಂತೆ. ಅವರು ಕಳಿಸಿದ ವಾಕ್ಯಗಳನ್ನು ನಾವು ಗಟ್ಟಿಯಾಗಿ ಓದಿ, ರೆಕಾರ್ಡ್ ಮಾಡಿ ಕಳಿಸಬೇಕು. ಪಾಸಾದ ಓದಿಗೆ ಮಾತ್ರ ದುಡ್ಡು. ಸಂಬಳ ಅಂತಿಲ್ಲ, ಮೇಲೆ ಸಾಹೇಬರಿಲ್ಲ.

"ಫ್ರೀಲ್ಯಾನ್ಸ್ ಅಂತಾರಮ್ಮ ಇದಕ್ಕೆ. ಯಾರ ಹತ್ರನೂ ರಜೆ ಕೇಳೋ ಹಂಗಿಲ್ಲ" ಎಂದಳು.

ಮೊದಲು ಓದಿದ್ದೆಲ್ಲ ಹಿಂದಕ್ಕೆ ಬಂತು. ಹಿನ್ನೆಲೆಯಲ್ಲಿ ಶಬ್ದವಿದೆ ಎಂಬ ಒಕ್ಕಣೆ. ಏನು ಶಬ್ದವಪ್ಪಾ ಎಂದು ಹಾಕಿ ಕೇಳಿದರೆ, ನಾನು ನೀಟಾಗಿ "ನಾಳೆ ಕರಾವಳಿಯಲ್ಲಿ ಭಾರಿ ಮಳೆಯಾಗಲಿದೆ" ಎನ್ನುತ್ತಿದ್ದೇನೆ, ಗೋಡೆಯಾಚೆಯಿಂದ ಅಕ್ಕ "ಏನವ್ವಾ, ಇವತ್ತೇನ್ ಸಾರು?" ಎನ್ನುತ್ತಿದ್ದಾರೆ. ಮಗಳು ಬಿದ್ದು ಬಿದ್ದು ನಕ್ಕಳು, ಅಕ್ಕನಿಗೂ ಹೇಳಿ ನಗಿಸಿದಳು.

ಆ ರಜೆಯಲ್ಲೇ ಮಗಳಿಗೆ ಅಮ್ಮ ಆಯಿತು. ಡಾಕ್ಟರು ಅದನ್ನು ಚಿಕನ್ ಪಾಕ್ಸ್ ಎನ್ನಲಿ, ನಮಗೆ ಅದು ಅಮ್ಮನೇ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಬೇವು ಕಂಡ ಮನೆಯೊಳಗೆ ಯಾರೂ ಕಾಲಿಡುವುದಿಲ್ಲ, ಹೊರಗೆ ನಿಂತು ಕೂಗಿ ಕರೆಯುವುದೂ ಇಲ್ಲ. ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಸಾಸಿವೆ ಸಿಡಿಯುವ ಸದ್ದೂ ಇಲ್ಲ. ಮಗಳು ಬೇವಿನೆಲೆಯ ಮೇಲೆ ಮಲಗಿ ನಿದ್ದೆ ಹೋದಾಗ ನಾನು ದೇವರ ಕೋಣೆ ಸೇರುತ್ತಿದ್ದೆ. ಕಿಟಕಿಯಿಲ್ಲದ ಸಣ್ಣ ಕೋಣೆ. ಗೋಡೆಗೆ ಹಳೆಯ ಕಂಬಳಿ ಇಳಿಬಿಟ್ಟೆ. ದೀಪ ಹಚ್ಚಿ, ಹೊಟ್ಟೆಪಾಡಿಗೆ ನಿನ್ನ ಜಾಗ ತಗೊಂಡಿದೀನಿ ಸ್ವಾಮಿ ಎಂದು ಕೈಮುಗಿದು ಓದಿದೆ. ಅಷ್ಟೂ ಪಾಸಾಯಿತು.

ಮಗಳು ಗುಣವಾದಳು. ಅಮ್ಮನ ದಯೆ, ಮುಖದ ಮೇಲೆ ಒಂದು ಕಲೆಯೂ ಉಳಿಯಲಿಲ್ಲ. ಅರಿಶಿನ, ಬೇವಿನ ನೀರಿನ ಸ್ನಾನ ಮುಗಿಸಿ ಹಾಸನಕ್ಕೆ ಹೋದಳು. ಇನ್ನು ಮಂಗಳವಾರ ಅಮ್ಮನ ಗುಡಿಗೆ ಮೊಸರನ್ನದ ತಂಪು ಒಪ್ಪಿಸಿ ಬೇವು ಬಿಚ್ಚಬೇಕು. ಒಂದು ಮಂಗಳವಾರ ಇವರಿಗೆ ಡ್ಯೂಟಿ. ಇನ್ನೊಂದಕ್ಕೆ ನಾನು ಹೊರಗಾಗಿದ್ದೆ. ಆಮೇಲಿನದಕ್ಕೆ ಕಂಪನಿಯವರು ಸಂಜೆಯೊಳಗೆ ಬೇಕು ಎಂದು ರಾಶಿ ವಾಕ್ಯ ಕಳಿಸಿದ್ದರು. ಮುಂದಿನ ವಾರ, ಮುಂದಿನ ವಾರ ಎನ್ನುತ್ತಾ ಹೋದೆ. ಬೇವು ಬಾಗಿಲಲ್ಲೇ ಒಣಗಿತು. ಮನೆ ನಿಶ್ಶಬ್ದವಾಗಿಯೇ ಇತ್ತು.

ಕೆಲಸ ಮಾತ್ರ ಕೈಹಿಡಿಯಿತು. ನನ್ನ ಓದು ಶುದ್ಧ ಎಂದು ಹೆಸರಾಗಿ, ಬೇರೆಯವರು ಓದಿದ್ದನ್ನು ಕೇಳಿ ಸರಿತಪ್ಪು ಗುರುತಿಸುವ ಕೆಲಸವನ್ನೂ ಕೊಟ್ಟರು. ಹಾಸ್ಟೆಲ್ ಫೀಸನ್ನು ನಾನೇ ಕಟ್ಟಿದೆ. ಇವರು ಮರುದಿನ ಬರುವಾಗ ಒಂದು ಮೊಳ ಮಲ್ಲಿಗೆ ತಂದಿದ್ದರು. ದೇವರು ಇಟ್ಟದ್ದಕ್ಕೆ ಕೊರತೆ ಹೇಳಬಾರದು. ಆದರೂ ದಿನವೆಲ್ಲ "ಊಟವಾಯಿತೇ?", "ಹೇಗಿದ್ದೀರಿ?", "ಒಳಗೆ ಬನ್ನಿ" ಎಂದು ಗೋಡೆಯ ಕಂಬಳಿಗೆ ಓದುವುದು. ಉತ್ತರ ಬರುವುದಿಲ್ಲ. ಬಂದರೆ ಓದು ಫೇಲು.

ಅಕ್ಕ ರಸ್ತೆಯಲ್ಲಿ ಕಂಡರೆ ದೂರದಿಂದಲೇ ತಲೆಯಾಡಿಸಿ ಹೋಗುತ್ತಿದ್ದರು.

ಚಳಿ ಶುರುವಾದ ಮೇಲೆ ಕಂಪನಿಯವರು ಹೊಸದೊಂದನ್ನು ಕೇಳಿದರು. ನಿಮ್ಮ ಊರಿನ ಇಬ್ಬರು ಹೆಂಗಸರು ಎದುರುಬದುರು ಕೂತು, ಮನಸ್ಸಿಗೆ ಬಂದದ್ದು ಮಾತಾಡಬೇಕು, ಬರೆದುಕೊಂಡು ಓದಬಾರದು. ಕೇಳಿದರೆ ಕುಣಿದಾಡುವಂಥ ಕೆಲಸ. ಆದರೆ ಮಾತಾಡಲು ನನಗೆ ಯಾರಿದ್ದಾರೆ ಎಂದು ಯೋಚಿಸುತ್ತಾ ಹೊರಗೆ ಬಂದವಳಿಗೆ ಬಾಗಿಲ ಬೇವಿನ ಕಡ್ಡಿಗಳು ಕಂಡವು.

ಆ ಮಂಗಳವಾರ ಒಬ್ಬಳೇ ಗುಡಿಗೆ ಹೋಗಿ ತಂಪು ಒಪ್ಪಿಸಿದೆ. ಬೇವು ಬಿಚ್ಚಿ ಹೊಳೆಗೆ ಬಿಟ್ಟೆ. ಪ್ರಸಾದ ಹಿಡಿದು ಅಕ್ಕನ ಬಾಗಿಲಿಗೆ ಹೋದೆ.

"ಏನವ್ವಾ, ನಿಮ್ಮನೆ ಅಮ್ಮ ಓಗ್ಬುಟ್ಲಾ ಕೊನೆಗೂ?"

"ಹೋಗಿ ಬಾಳ ದಿನ ಆಯ್ತಕ್ಕ."

"ಅಂಗಂದ್ರೆ ಅಮ್ಮನ್ನ ಬಾಗ್ಲಲ್ಲಿ ಕಾವ್ಲಿಗೆ ನಿಲ್ಸಿದ್ದೆ ಅನ್ನು."

"ಕೆಲ್ಸದಲ್ಲಿ ಆಗ್ಲಿಲ್ಲ ಅಕ್ಕ."

"ಎಲೆ ಎಲ್ಲಾ ಉದ್ರಿ ಕಡ್ಡಿ ನೇತಾಡ್ತಿತ್ತು. ದಿನಾ ನೋಡ್ತಿದ್ದೆ ಕಣವ್ವಾ. ಕಡ್ಡಿನೂ ಬೇವೇ ಅಲ್ವಾ ಅಂತ ದಾಟ್ಲಿಲ್ಲ."

ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರು. ಮಾರನೆಯ ದಿನ ಬಂದರು. ದೇವರ ಕೋಣೆಯಲ್ಲಿ ಕೂರಿಸಿ ಫೋನ್ ಇಟ್ಟೆ. ಅಕ್ಕ ಕಂಬಳಿ ನೋಡಿದರು, ನನ್ನನ್ನು ನೋಡಿದರು.

"ಇಲ್ಲಿ ಉಸ್ರಾಡಕ್ಕೂ ಭಯ ಆಯ್ತದೆ. ಇಂಗಾದ್ರೆ ದೇವ್ರಿಗೂ ಮಾತು ಬರಕಿಲ್ಲ ಕಣವ್ವಾ. ಯಂತ್ರಕ್ಕೆ ನಾನೇನ್ ಏಳ್ಲಿ?"

"ಯಂತ್ರಕ್ಕಲ್ಲಕ್ಕ. ನಂಗೆ ಹೇಳಿ."

ಅವರು ಎದ್ದು ಜಗುಲಿಗೆ ನಡೆದರು. ನಾನು ನೆನೆಸಿಟ್ಟಿದ್ದ ಅವರೆಕಾಳಿನ ಪಾತ್ರೆ ಹಿಡಿದು ಹಿಂದೆ ಹೋದೆ. ಇಬ್ಬರ ನಡುವೆ ಫೋನ್. ಕಾಳು ಹಿಚುಕುತ್ತಾ ಅಕ್ಕ ಮಾತು ಶುರುಮಾಡಿದರು. ಮಂಡಿ ನೋವು, ತಂಗಿಯ ಮನೆಯ ಜಗಳ, ನಾನು ಬಾಗಿಲು ಹಾಕಿಕೊಂಡ ದಿನಗಳಲ್ಲಿ ಅವರಿಗೆ ಜ್ವರ ಬಂದು ಮಲಗಿದ್ದದ್ದು. ಅದು ನನಗೆ ಗೊತ್ತೇ ಇರಲಿಲ್ಲ. "ಕೂಗಬಾರ್ದಾ ಅಕ್ಕ" ಎಂದೆ. "ನೀ ಓದ್ಕತಿದ್ಯಲ್ಲವ್ವಾ, ಕೂಗಿದ್ರೆ ಫೇಲಾಯ್ತಿದ್ದೆ" ಎಂದು ನಕ್ಕರು. ಪಾತ್ರೆ ತುಂಬುವ ಮೊದಲೇ ಎದ್ದುನಿಂತರು.

"ಬತ್ತೀನಿ ಕಣವ್ವಾ. ಮೂಲೆ ಮನೇಲಿ ಕಾಯ್ತಾವ್ರೆ, ಈಗ ಅಲ್ಲೇ ಕೂತ್ಕತೀವಿ ಎಲ್ರೂವೆ."

ರೆಕಾರ್ಡಿಂಗ್ ಹಿಂದಕ್ಕೆ ಬಂತು. ಪಾತ್ರೆಗೆ ಏನೋ ಬೀಳುವ ಶಬ್ದವಿದೆ, ಇಬ್ಬರೂ ಒಟ್ಟಿಗೇ ಮಾತಾಡಿದ್ದಾರೆ, ನಿಶ್ಶಬ್ದವಾದ ಕಡೆ ಕೂತು ಮತ್ತೆ ಕಳಿಸಿ ಎಂದಿದ್ದರು. ಆಗುವುದಿಲ್ಲ ಎಂದು ಬರೆದೆ. ಅಂಥದ್ದು ಮೊದಲ ಸಲ ಬರೆದದ್ದು. ಏನಾಗುತ್ತದೋ ಎಂದಿದ್ದೆ. ಏನೂ ಆಗಲಿಲ್ಲ. ಓದುವ ಕೆಲಸ ಎಂದಿನಂತೆ ಬರುತ್ತಿದೆ.

ಈಗ ಹನ್ನೊಂದಕ್ಕೆ ಫೋನ್ ಒಳಗಿಟ್ಟು ಜಗುಲಿಯಲ್ಲಿ ಕೂರುತ್ತೇನೆ. ಅಕ್ಕ ಒಂದೊಂದು ದಿನ ಬರುತ್ತಾರೆ, ಹೆಚ್ಚು ದಿನ ಬರುವುದಿಲ್ಲ. ನೀನೂ ಅಲ್ಲಿಗೆ ಬಾ ಎಂದು ಇನ್ನೂ ಕರೆದಿಲ್ಲ. ಮೂಲೆ ಮನೆಯಿಂದ ನಗು ಕೇಳುತ್ತದೆ, ಅದರಲ್ಲಿ ಅಕ್ಕನದು ಯಾವುದೆಂದು ನನಗೆ ಗೊತ್ತಾಗುತ್ತದೆ. ಅವರೆಕಾಳನ್ನು ಇಬ್ಬರಿಗಾಗುವಷ್ಟು ನೆನೆಸಿಟ್ಟಿರುತ್ತೇನೆ. ಅಕ್ಕ ಬಾರದ ದಿನ ನಾನೇ ಎಲ್ಲವನ್ನೂ ಹಿಚುಕಿ, ಸಾರು ಮಾಡಿ, ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಅಕ್ಕನಿಗೆಂದು ಒಂದು ಬಟ್ಟಲು ಇಡುತ್ತೇನೆ. ಸಂಜೆಗೆ ತೊಳೆದ ಬಟ್ಟಲು ವಾಪಸ್ಸು ಬಂದಿರುತ್ತದೆ.