ಬಾಲಕ್ಕೆ ನಿಂಬೆಹಣ್ಣು ಕಟ್ಟಿದ ವಿಮಾನ

ಕೊಟ್ಟೂರಿನಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡಿದ್ದ ನಾನು ಜೋಳದ ದಂಟಿನಿಂದ ವಿಮಾನ ಕಟ್ಟಿ, ಅದಕ್ಕೆ ಹರಳೆಣ್ಣೆ ಕುಡಿಸಿ, ತಂಬ್ರಹಳ್ಳಿಯ ಆಕಾಶದಲ್ಲಿ ಹಾರಿಸಿದ್ದೇನೆ. ನಂಬಬೇಡಿ. ನಂಬದೇ ಇರಲು ಧೈರ್ಯವಿದ್ದರೆ ಕೊನೆಯವರೆಗೆ ಓದಿ, ಆಮೇಲೆ ನಂಬದಿರಿ. ಇದರಲ್ಲಿ ಒಂದೇ ಒಂದು ಸುಳ್ಳಿದೆ. ಹಿಡಿಯಿರಿ ನೋಡೋಣ!

ಆಗಷ್ಟೇ ಊರಿಗೆ ಕೇಬಲ್ ಟಿವಿ ಬಂದಿತ್ತು. ರೇಡಿಯೋ ಹೊತ್ತು ಬರುವವರು ಕಡಿಮೆಯಾಗಿ ನನ್ನ ಕೈಗೆ ಬಿಡುವು ಸಿಕ್ಕಿತ್ತು. ಬಾಯಿಗೆ ಮಾತ್ರ ಯಾವತ್ತೂ ಬಿಡುವಿರಲಿಲ್ಲ ಎನ್ನುತ್ತಾಳೆ ನನ್ನ ಹೆಂಡತಿ ಗೌರಮ್ಮ. ಬಿಡಿಭಾಗ ತರಲು ಬೆಂಗಳೂರಿಗೆ ಹೋದವನು ಹಳೇ ಸಾಮಾನಿನ ಸಂತೆಯಲ್ಲಿ ಒಂದು ಪುಟ್ಟ ಇಂಜಿನ್ನು, ಜೊತೆಗೆ ತಿರುವಲು ಎರಡು ಕಡ್ಡಿ, ಉದ್ದ ಏರಿಯಲ್ ಇದ್ದ ರಿಮೋಟು ಡಬ್ಬಿ ಕಂಡೆ. ಆಟಿಕೆ ವಿಮಾನ ಹಾರಿಸುವ ಸಾಮಾನಂತೆ. ಬಿಡಿಭಾಗ ಬಿಟ್ಟು ಅದನ್ನೇ ಕಟ್ಟಿಸಿಕೊಂಡು ಬಂದೆ.

ಇಂಥ ವಿಮಾನಕ್ಕೆ ಬಾಲ್ಸಾ ಎಂಬ ಹಗುರ ಮರ ಬೇಕಂತೆ, ಅದು ಸಮುದ್ರ ದಾಟಿ ಬರಬೇಕಂತೆ. ಬರಲಿ ಪಾಪ, ಯಾರು ಕಾಯುತ್ತಾರೆ? ದಂಟಿನ ಬಂಡಿ ಕಟ್ಟಿ ಆಡದೆ ಬೆಳೆದವರು ನಮ್ಮ ಕಡೆ ಯಾರಿದ್ದಾರೆ? ಜೋಳದ ದಂಟು ಸೀಳಿ, ಒಳಗಿನ ಬೆಂಡು ತೆಗೆದು, ಸಿಪ್ಪೆಯನ್ನೇ ಮೊಳೆಯಂತೆ ಚುಚ್ಚಿ ರೆಕ್ಕೆಯ ಪಕ್ಕೆಲುಬು ಮಾಡಿದೆ. ಮೇಲೆ ಗಾಳಿಪಟದ ಕಾಗದ, ಮೈದಾ ಅಂಟು. ಇಂಧನಕ್ಕೆ ಸ್ಪಿರಿಟ್ಟು, ಅದರಲ್ಲಿ ಹರಳೆಣ್ಣೆ. ನಗಬೇಡಿ. ಮೊದಲ ಮಹಾಯುದ್ಧದ ವಿಮಾನಗಳ ಇಂಜಿನ್ನಿಗೂ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಅದರ ಹೊಗೆ ಕುಡಿದ ಪೈಲಟ್ಟುಗಳು ನೆಲ ಮುಟ್ಟಿದ ಕೂಡಲೇ ಶತ್ರುವನ್ನಲ್ಲ, ಚೊಂಬು ಹುಡುಕುತ್ತಿದ್ದರಂತೆ!

ಈಗ ನನ್ನ ಬೀಗರು ಹಾಲಪ್ಪನವರು ಬರಬೇಕು. ಮಗಳನ್ನು ಕೊಟ್ಟ ಮನೆ, ಊರು ತಂಬ್ರಹಳ್ಳಿ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಇಕ್ಕಟ್ಟಿನ ಸಂದಿಯೊಳಗೆ ಒಂದೇ ಏಟಿಗೆ ಹಿಂದಕ್ಕೆ ನುಗ್ಗಿಸುವ ಗಂಡಸು ಹಡಗಲಿಯಿಂದ ಹರಪನಹಳ್ಳಿವರೆಗೆ ತಾನೊಬ್ಬನೇ ಎಂಬುದು ಅವರ ಬಡಾಯಿ. ನನ್ನ ಬಡಾಯಿಗೆ ಅವರೊಬ್ಬರೇ ಸರಿಜೋಡಿ. ನಮ್ಮ ಅಂಗಡಿಗೆ ಬಂದವರು ವಿಮಾನ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೀಗ್ರ, ದಂಟು ಇರಾದು ಎತ್ತು ತಿನ್ನಾಕ. ಹಾರಾಕಲ್ರಿ."

"ಹಾರಿ, ಮತ್ತ ಕೆಳಗ ಇಳೀತಂದ್ರ?"

"ಇಡಿಯಾಗಿ ಇಳೀತಂದ್ರ, ಕೊಟ್ಟೂರು ಬಜಾರದಾಗ ತಲಿ ಮ್ಯಾಲ ಹೊತ್ಗಂಡು ನಡೀತೀನಿ. ಮುರೀತಂದ್ರ ನೀವು ಇನ್ನ ಚಾದಂಗಡ್ಯಾಗ ಒಂದು ಕಥಿನೂ ಹೇಳಂಗಿಲ್ಲ. ಬರೇ ಚಾ ಕುಡೀಬೇಕು."

ಬರೇ ಚಾ ಕುಡಿಯುವ ಬಾಳು! ನೆನೆಸಿಕೊಂಡೇ ಬೆವರಿದೆ. ಆದರೂ ಒಪ್ಪಿದೆ.

ಸೂರ್ಯಕಾಂತಿ ಕೊಯ್ದು ಬಿಟ್ಟಿದ್ದ ಅವರ ಹೊಲದಲ್ಲಿ ಒಂದು ಪಟ್ಟಿ ಸಮ ಮಾಡಿಸಿ ಇಂಜಿನ್ನು ಚಾಲೂ ಮಾಡಿದೆ. ವಿಮಾನ ಕಿರುಗುಟ್ಟುತ್ತಾ ಓಡಿತು, ಬಾಲ ಎತ್ತಿತು, ಮೂತಿಯನ್ನು ನೇಗಿಲಿನಂತೆ ನೆಲಕ್ಕೆ ಹೆಟ್ಟಿ ನಿಂತಿತು. ಮುಂದಿನ ಪಂಖ ಎರಡು ತುಂಡು.

"ನೋಡ್ರೆಪಾ, ನಮ್ಮ ಬೀಗ್ರ ವಿಮಾನ ರಂಟೆ ಹೊಡಿಯಾಕ ಹತ್ತೈತಿ!" ಎಂದು ಬೀಗರು ಕುಣಿದರು.

"ಇನ್ನೂ ಹಾರೇ ಇಲ್ರಿ. ಹಾರಿದ ಮ್ಯಾಲ ಲೆಕ್ಕ," ಎಂದು ಬೇರೆ ಪಂಖ ಹಾಕತೊಡಗಿದೆ.

ನನ್ನ ಜೊತೆ ಬಂದಿದ್ದ ಗೌರಮ್ಮ ಸೆರಗಿನ ಗಂಟು ಬಿಚ್ಚಿ ನಿಂಬೆಹಣ್ಣು ತೆಗೆದಳು. "ದೃಷ್ಟಿಗೆ ನಿಂಬಿಹಣ್ಣು ಕಟ್ರಿ ಅಂತ ಮನ್ಯಾಗೇ ಹೇಳಿದ್ದೆ. ಕೇಳಿದ್ರೇನು?"

ಲಾರಿಗೆ ಕಟ್ಟುವಂತೆ ಮುಂದೆ ಕಟ್ಟಿದರೆ ಪಂಖ ಕೊಚ್ಚಿಹಾಕುತ್ತದಲ್ಲ! ಹಾಗಾಗಿ ಬಾಲಕ್ಕೆ ಬಿಗಿದಳು. ಬೈಯಲು ಬಾಯಿ ತೆರೆದವನು, ರೆಕ್ಕೆಗಳ ಅಡಿ ಎರಡು ಬೆರಳಿಟ್ಟು ಎತ್ತಿ ನೋಡಿ ಬೆರಗಾದೆ. ಆಸೆಬುರುಕ ನಾನು ದೊಡ್ಡ ಇಂಜಿನ್ನು ಕೂರಿಸಿ ಮೂತಿ ಭಾರ ಮಾಡಿದ್ದೆ. ಬಾಲದ ನಿಂಬೆಹಣ್ಣು ಅದನ್ನು ತಕ್ಕಡಿಯಂತೆ ಸಮ ಮಾಡಿತ್ತು!

ಈ ಸಲ ಓಡಿತು ನೋಡಿ, ಓಡಿತು, ನೆಲ ಬಿಟ್ಟಿತು! ಬೇವಿನ ಮರ ದಾಟಿತು! ಹೊಲದ ಗಿಳಿಗಳೆಲ್ಲ ಗಾಬರಿಬಿದ್ದು ಹಾರಿದವು. ಗೌರಮ್ಮ ಕೈಮುಗಿದಳು. ನಾನು ಕಿರುಚಿದ್ದು ಹಗರಿಬೊಮ್ಮನಹಳ್ಳಿಗೆ ಕೇಳಿರಬೇಕು. ಸಂಜೆ ಬಿಸಿಲಲ್ಲಿ ಗಾಳಿಪಟದ ಕಾಗದ ಕೆಂಪಗೆ ಹೊಳೆಯುತ್ತಿತ್ತು. ಐವತ್ತು ದಾಟಿದ ನಾನು ಆ ಗಳಿಗೆ ಚಡ್ಡಿ ಹಾಕಿಕೊಂಡು ದಂಟಿನ ಬಂಡಿ ಎಳೆಯುತ್ತಿದ್ದೆ.

ಆಮೇಲೆ ಅದು ನಮ್ಮ ಕಡೆಗೇ ತಿರುಗಿತು. ಇಲ್ಲೊಂದು ಪೇಚಿದೆ. ವಿಮಾನ ನಮ್ಮಿಂದ ದೂರ ಹೋಗುವಾಗ ಅದರ ಎಡ ನಮ್ಮ ಎಡ. ಎದುರಿಗೆ ಬರುವಾಗ ಅದರ ಎಡ ನಮ್ಮ ಬಲ! ಡಬ್ಬಿಯ ಕಡ್ಡಿ ಆಚೆ ತಿರುವಿದರೆ ವಿಮಾನ ಈಚೆ ಬರುತ್ತದೆ. ಬೇವಿನ ಮರ ಬಾಯಿ ತೆರೆದು ಕಾಯುತ್ತಿತ್ತು. ನಾನು ಮಾತ್ರ ಕಲ್ಲಿನಂತೆ ನಿಂತು, ಉಲ್ಟಾ ಲೆಕ್ಕ ಹಾಕಿ, ಕಡ್ಡಿ ಆಡಿಸಿ, ಮರ ತಪ್ಪಿಸಿ, ಬೀಗರ ಕಾಲ ಬಳಿಯೇ ವಿಮಾನವನ್ನು ಮೆತ್ತಗೆ ಇಳಿಸಿದೆ. ಒಂದು ದಂಟೂ ಮುರಿದಿರಲಿಲ್ಲ.

ಮರುದಿನ ಹಾಲಪ್ಪನವರು ಮಾತಿನಂತೆ ಕೊಟ್ಟೂರು ಬಜಾರದಲ್ಲಿ ವಿಮಾನ ಹೊತ್ತು ನಡೆದರು. ಬಾಲದಲ್ಲಿ ನಿಂಬೆಹಣ್ಣು ತೂಗುತ್ತಿತ್ತು.

ಈಗ ಹೇಳಿ, ಸುಳ್ಳು ಯಾವುದು? ನಿಂಬೆಹಣ್ಣೇ? ಅಲ್ಲ, ಅದು ನಿಜ. ಹರಳೆಣ್ಣೆ, ದಂಟು? ಅವೂ ನಿಜ. ಸುಳ್ಳು ಒಂದೇ: ನಾನು ಇಳಿಸಿದೆ ಅಂದದ್ದು. ಕೆಳಗಿಳಿಸಿದ್ದು ನಾನಲ್ಲ.

ಮರ ಹತ್ತಿರವಾದಂತೆಲ್ಲ ನಾನು ಕಡ್ಡಿಯನ್ನು ತಪ್ಪು ಕಡೆಗೇ ತಿರುವುತ್ತಿದ್ದೆ. "ತರ್ರಿ ಇಲ್ಲಿ! ಟ್ರೇಲರ್ ಹಿಂದಕ್ಕ ಹೊಡಿಯಾಗೂ ಸ್ಟೇರಿಂಗು ಹಿಂಗ ಉಲ್ಟಾನೇ ತಿರುವಾದಲ್ಲೇನು!" ಎಂದು ಡಬ್ಬಿ ಕಸಿದುಕೊಂಡು ಇಳಿಸಿದವರು ಬೀಗರು. ಸುಮ್ಮನೆ ನೋಡುತ್ತ ನಿಂತಿದ್ದರೆ ಸಾಕಿತ್ತು, ಅವರೇ ಗೆಲ್ಲುತ್ತಿದ್ದರು, ನನ್ನ ಬಾಯಿಗೆ ಬೀಗ ಬೀಳುತ್ತಿತ್ತು.

ಇವತ್ತಿಗೂ ಚಾದಂಗಡಿಯಲ್ಲಿ ನಾನು ಇಳಿಸಿದ ಕಥೆ ಹೇಳಿದಾಗ ಯಾರಾದರೂ ನಕ್ಕರೆ, ಆ ದೊಡ್ಡ ಬಡಾಯಿಗಾರ ಬೀಗರು ಚಾ ಬಸಿ ಕೆಳಗಿಟ್ಟು ಹೇಳುತ್ತಾರೆ: "ಖರೇ ಐತ್ರೆಪಾ. ನಾನೇ ಕಣ್ಣಾರೆ ನೋಡೀನಿ."